ಎಲುಬು ಕೂಡಿಸುವವರ ಹೆಸರು ಎಲ್ಲಿ ಬರೆದಿದೆ?

ಕುಕನೂರಿನ ಸುತ್ತಲ ಹಳ್ಳಿಗಳಲ್ಲಿ ಹುಡುಗನೊಬ್ಬ ಬೇವಿನ ಗಿಡದಿಂದ ಬಿದ್ದು ಮುಂಗೈ ಮುರಿದುಕೊಂಡರೆ ಮನೆಯವರ ಮುಂದೆ ಎರಡು ದಾರಿ. ಬಸ್ಸು ಹತ್ತಿ ಕೊಪ್ಪಳಕ್ಕೋ ಗದಗಕ್ಕೋ ಹೋಗಿ ಎಕ್ಸ್‌ರೇ ತೆಗೆಸಿ ಪ್ಲಾಸ್ಟರ್ ಹಾಕಿಸುವುದು ಒಂದು. ಎಲುಬು ಕೂಡಿಸುವವರ ಮನೆಗೆ ಹೋಗುವುದು ಇನ್ನೊಂದು. ಎರಡನೆಯ ದಾರಿಯ ಮಾತು ಬಂದಾಗ ಕಟ್ಟೆಯ ಮೇಲೆ ಕೂತವರು ಕೇಳುವ ಪ್ರಶ್ನೆ ಒಂದೇ: "ಅವನ ಕೈಗುಣ ಹೆಂಗೈತಿ?" ಅವನು ಎಲ್ಲಿ ಕಲಿತ, ಎಷ್ಟು ವರ್ಷ ಕಲಿತ, ಪರೀಕ್ಷೆ ಮಾಡಿದವರು ಯಾರು ಎಂದು ಯಾರೂ ಕೇಳುವುದಿಲ್ಲ. ಲೈಸೆನ್ಸ್ ಎಂಬ ಮಾತು ಟ್ರ್ಯಾಕ್ಟರಿಗೆ, ಗೊಬ್ಬರದ ಅಂಗಡಿಗೆ, ಸೆರೆ ಅಂಗಡಿಗೆ ಸೇರಿದ್ದು. ಇನ್ನೊಬ್ಬರ ಮೈ ಮುಟ್ಟುವುದಕ್ಕೂ ಒಂದು ಲೈಸೆನ್ಸ್ ಬೇಕೆಂಬುದು ನಮ್ಮ ಕಡೆ ಇನ್ನೂ ಪೂರ್ತಿ ಮನಸ್ಸಿಗೆ ಇಳಿಯದ ವಿಚಾರ.

ಇದು ಅಜ್ಞಾನ ಎಂದು ಹೇಳಿ ಮುಂದೆ ಹೋಗುವುದು ಸುಲಭ. ನನಗೆ ಹಾಗೆ ಹೋಗಲು ಮನಸ್ಸಿಲ್ಲ. ಯಾಕೆಂದರೆ ಕೈಗುಣ ಎಂಬ ಮಾತಿನಲ್ಲಿ ಒಂದು ಬಗೆಯ ಪರೀಕ್ಷೆ ಇದೆ. ಅದು ಅಕ್ಕಪಕ್ಕದವರ ಸಾಕ್ಷಿಯಿಂದ ಕೂಡಿಬಂದದ್ದು. ಯಾರ ಮೊಣಕೈ ನೆಟ್ಟಗಾಯಿತು, ಯಾರ ಕಾಲು ಸೊಟ್ಟಗೆ ಉಳಿಯಿತು, ಯಾವ ಮುದುಕಿ ಮತ್ತೆ ಹೊಲಕ್ಕೆ ಹೋದಳು ಎಂಬುದು ಊರಿಗೆ ಗೊತ್ತಿರುತ್ತದೆ. ಆದರೆ ಈ ಪರೀಕ್ಷೆಗೆ ದೊಡ್ಡದೊಂದು ದೋಷವಿದೆ. ಮುರಿದ ಎಲುಬು ತಾನೇ ಕೂಡುವ ವಸ್ತು. ಕೂಡುವಷ್ಟು ದಿನ ಅದನ್ನು ಸರಿಯಾದ ಜಾಗದಲ್ಲಿ ಅಲುಗಾಡದಂತೆ ಹಿಡಿದಿಡುವುದೇ ಕಟ್ಟುವವನ ಮುಖ್ಯ ಕೆಲಸ, ಅವನು ಕಟ್ಟುವುದು ಬಿದಿರ ದಬ್ಬೆಯಾಗಲಿ ಪ್ಲಾಸ್ಟರ್ ಆಗಲಿ. ಮಕ್ಕಳ ಎಲುಬಂತೂ ತುಸು ಸೊಟ್ಟಗೆ ಕೂಡಿದರೂ ಬೆಳೆಯುತ್ತ ಬೆಳೆಯುತ್ತ ಎಷ್ಟೋ ಸಲ ನೆಟ್ಟಗಾಗುತ್ತದೆ. ಹೀಗಾಗಿ ಕೈಗುಣದ ಲೆಕ್ಕದಲ್ಲಿ ಪ್ರಕೃತಿ ದುಡಿದದ್ದೂ ಕಟ್ಟಿದವನ ಖಾತೆಗೆ ಜಮಾ ಆಗುತ್ತದೆ. ನೆಟ್ಟಗಾದವರು ಜಾತ್ರೆಯಲ್ಲಿ ಮಾತಾಡುತ್ತಾರೆ. ಕೈ ಕಳೆದುಕೊಂಡವರು ಮಾತಾಡುವುದು ಕಡಿಮೆ.

ಮೈ ಮುಟ್ಟುವ ಹಕ್ಕನ್ನು ನಾವು ಎಷ್ಟು ಸಲೀಸಾಗಿ ಕೊಡುತ್ತೇವೆ ನೋಡಿ. ಕ್ಷೌರದ ಅಂಗಡಿಯಲ್ಲಿ ಕಟಿಂಗ್ ಮುಗಿದ ಮೇಲೆ ಗದ್ದ, ತಲೆ ಹಿಡಿದು ಕತ್ತನ್ನು ಒಂದು ಕಡೆಗೆ ಲಟಕ್ ಎನ್ನಿಸುತ್ತಾರೆ, ಆಮೇಲೆ ಇನ್ನೊಂದು ಕಡೆಗೆ. ನಾವು ಕಣ್ಣು ಮುಚ್ಚಿ ಕೂತಿರುತ್ತೇವೆ. ಬೆನ್ನಿಗೆ ಚಳಕು ಹಿಡಿದರೆ ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಳ್ಳಬೇಕು ಎಂಬ ನಂಬಿಕೆ ನಮ್ಮಲ್ಲಿದೆ. ಇದಕ್ಕಿಂತ ಕಡಿಮೆ ಖರ್ಚಿನ ಲೈಸೆನ್ಸ್ ಜಗತ್ತಿನಲ್ಲಿ ಇರಲಿಕ್ಕಿಲ್ಲ. ಓದು ಬೇಡ, ಪರೀಕ್ಷೆ ಬೇಡ, ತಾಯಿಯ ಹೊಟ್ಟೆಯಿಂದ ಬರುವಾಗ ಪಾದ ಮೊದಲು ಬಂದಿದ್ದರಾಯಿತು.

ಸುಮಾರು ಇಂಥದೇ ಲಟಕ್ ಸದ್ದನ್ನು ವೃತ್ತಿ ಮಾಡಿಕೊಂಡು, ಅದಕ್ಕೆ ಕಾಲೇಜು ಕಟ್ಟಿ, ಜೈಲಿಗೂ ಹೋಗಿ, ಕೊನೆಗೆ ಸರ್ಕಾರದ ಲೈಸೆನ್ಸ್ ಪಡೆದವರ ಕಥೆ ಅಮೆರಿಕದ್ದು. ಅದನ್ನು ತುಸು ವಿವರವಾಗಿ ಹೇಳಬೇಕು, ಯಾಕೆಂದರೆ ನಮ್ಮ ಪ್ರಶ್ನೆಯನ್ನು ಅವರು ಆಗಲೇ ಒಂದು ಸುತ್ತು ತಿರುಗಿ ಬಂದಿದ್ದಾರೆ. ಅಯೋವಾ ರಾಜ್ಯದ ಡೇವನ್‌ಪೋರ್ಟ್ ಎಂಬ ಊರಿನಲ್ಲಿ ಡ್ಯಾನಿಯಲ್ ಡೇವಿಡ್ ಪಾಮರ್ ಎಂಬವನಿದ್ದ. ಮೊದಲು ಅಂಗೈಯ ಆಯಸ್ಕಾಂತ ಶಕ್ತಿಯಿಂದ ರೋಗ ವಾಸಿ ಮಾಡುತ್ತೇನೆ ಎನ್ನುತ್ತಿದ್ದವನು. 1895ರ ಸೆಪ್ಟೆಂಬರಿನಲ್ಲಿ ಹಾರ್ವಿ ಲಿಲ್ಲಾರ್ಡ್ ಎಂಬ, ಕಿವಿ ಮಂದವಾಗಿದ್ದ ಕೆಲಸಗಾರನ ಬೆನ್ನೆಲುಬನ್ನು ಒತ್ತಿ ಸರಿಪಡಿಸಿದೆ, ಅವನಿಗೆ ಕಿವಿ ಕೇಳಿಸಿತು ಎಂದು ಹೇಳಿಕೊಂಡ. ರೋಗಗಳೆಲ್ಲ ಬಹುಪಾಲು ಬೆನ್ನೆಲುಬಿನ ಮಣಿಗಳು ಜಾಗ ತಪ್ಪಿ ನರವನ್ನು ಒತ್ತುವುದರಿಂದ ಬರುತ್ತವೆ ಎಂಬುದು ಅವನ ಸಿದ್ಧಾಂತ. ಈ ಚಿಕಿತ್ಸೆಗೆ ಕೈರೋಪ್ರಾಕ್ಟಿಕ್ ಎಂದು ಹೆಸರಾಯಿತು. ಗ್ರೀಕಿನಲ್ಲಿ ಅದರ ಮೊದಲ ತುಂಡಿಗೆ ಕೈ ಎಂದೇ ಅರ್ಥ. ಕೈಗುಣವನ್ನು ಹೆಸರಿನಲ್ಲೇ ಕಟ್ಟಿಕೊಂಡ ವೃತ್ತಿ ಅದು.

1906ರಲ್ಲಿ ಪಾಮರ್‌ನನ್ನು ಲೈಸೆನ್ಸ್ ಇಲ್ಲದೆ ವೈದ್ಯ ಮಾಡಿದ್ದಕ್ಕೆ ಹಿಡಿದರು. ದಂಡ ಕಟ್ಟುವುದಿಲ್ಲ ಎಂದು ಜೈಲಿಗೆ ಹೋದ, ಕೆಲವು ದಿನಗಳಾದ ಮೇಲೆ ದಂಡ ಕಟ್ಟಿ ಹೊರಬಂದ. ಅವನ ದಾರಿ ಹಿಡಿದ ನೂರಾರು ಜನ ಮುಂದಿನ ದಶಕಗಳಲ್ಲಿ ಜೈಲು ಕಂಡರು. ಕ್ಯಾಲಿಫೋರ್ನಿಯಾದಲ್ಲಿ ಜೈಲಿಗೆ ಹೋಗುವುದನ್ನೇ ಚಳವಳಿ ಮಾಡಿಕೊಂಡರು. 1922ರಲ್ಲಿ ಅಲ್ಲಿನ ಮತದಾರರೇ ಮತ ಹಾಕಿ ಅವರಿಗೊಂದು ಕಾಯ್ದೆ ಕೊಟ್ಟರು. ಲೈಸೆನ್ಸ್ ಕಾಯ್ದೆ ಮೊದಲು ಬಂದದ್ದು 1913ರಲ್ಲಿ ಕ್ಯಾನ್ಸಸ್ ರಾಜ್ಯದಲ್ಲಿ, ಕೊನೆಗೆ ಬಂದದ್ದು 1974ರಲ್ಲಿ ಲೂಸಿಯಾನಾದಲ್ಲಿ. ನಡುವೆ 61 ವರ್ಷ. ಅಷ್ಟೂ ವರ್ಷ ಒಂದೇ ಕೈ, ಒಂದೇ ಒತ್ತು, ರಾಜ್ಯದ ಗಡಿಯ ಈಚೆಗೆ ವೃತ್ತಿ, ಆಚೆಗೆ ಅಪರಾಧ. ಕೈರೋಪ್ರಾಕ್ಟರುಗಳನ್ನು ದೂರ ಇಡಲು ಸಂಚು ಮಾಡಿತೆಂದು ಅಮೆರಿಕದ ವೈದ್ಯ ಸಂಘದ ಮೇಲೆ 1976ರಲ್ಲಿ ಹಾಕಿದ ದಾವೆಯಲ್ಲಿ 1987ರಲ್ಲಿ ತೀರ್ಪು ಸಂಘದ ವಿರುದ್ಧ ಬಂತು.

ಈಗ ಅಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲಿ ಕೈರೋಪ್ರಾಕ್ಟರ್ ಹತ್ತಿರ ಹೋಗಿಬರುವುದು ಹಲ್ಲಿನ ಡಾಕ್ಟರ ಹತ್ತಿರ ಹೋಗಿಬಂದಷ್ಟೇ ಸಹಜ. ಆತನಿಗೆ ಕೈರೋಪ್ರಾಕ್ಟಿಕ್ ಕಾಲೇಜಿನ ಪದವಿ ಇರುತ್ತದೆ, ರಾಷ್ಟ್ರೀಯ ಮಂಡಳಿಯ ಪರೀಕ್ಷೆ ಪಾಸಾಗಿರುತ್ತಾನೆ, ರಾಜ್ಯದ ಮಂಡಳಿ ಲೈಸೆನ್ಸ್ ಕೊಟ್ಟಿರುತ್ತದೆ. ಇಲ್ಲಿಂದ ಹೋದ ಅಪ್ಪ ಅಮ್ಮಂದಿರು ಗೋಡೆಯ ಮೇಲಿನ ಆ ಚೌಕಟ್ಟು ನೋಡಿ ಬೆರಗಾಗುವುದುಂಟು. ಊರಲ್ಲಿ ಪುಕ್ಕಟೆ ತೆಗೆಯುವ ನೆಟಿಗೆಗೆ ಇಲ್ಲಿ ಇಷ್ಟು ಡಾಲರೇ ಎಂಬುದು ಬೆರಗಿನ ಇನ್ನೊಂದು ಭಾಗ.

ಆದರೆ ಲೈಸೆನ್ಸ್ ಸಿಕ್ಕಿದ್ದರಿಂದ ಪಾಮರ್‌ನ ಸಿದ್ಧಾಂತ ನಿಜವಾಯಿತೇ? ಇಲ್ಲ. ಸೊಂಟನೋವಿಗೆ ಬೆನ್ನು ಒತ್ತುವುದರಿಂದ ಒಂದಿಷ್ಟು ಗುಣ ಸಿಗುತ್ತದೆ ಎಂಬುದಕ್ಕೆ ಆಧಾರಗಳಿವೆ. ರೋಗಗಳೆಲ್ಲ ಬೆನ್ನಿನಿಂದ ಹುಟ್ಟುತ್ತವೆ ಎಂಬುದಕ್ಕೆ ಇಲ್ಲ. ಬ್ರಿಟನ್ನಿನಲ್ಲಿ 1994ರಲ್ಲೇ ಕೈರೋಪ್ರಾಕ್ಟರುಗಳ ಕಾಯ್ದೆ ಬಂತು. ಆದರೂ 2008ರಲ್ಲಿ ವಿಜ್ಞಾನ ಲೇಖಕ ಸೈಮನ್ ಸಿಂಗ್, ಮಕ್ಕಳ ರೋಗಗಳನ್ನು ವಾಸಿ ಮಾಡುತ್ತೇವೆಂಬ ಅವರ ಮಾತಿಗೆ ಪುರಾವೆ ಇಲ್ಲ ಎಂದು ಬರೆದರು. ಕೈರೋಪ್ರಾಕ್ಟರುಗಳ ಸಂಘ ಮಾನನಷ್ಟದ ದಾವೆ ಹೂಡಿತು, 2010ರಲ್ಲಿ ತಾನೇ ಹಿಂತೆಗೆದುಕೊಂಡಿತು. ಲೈಸೆನ್ಸ್ ಅನ್ನುವುದು ಸತ್ಯಕ್ಕೆ ಕೊಟ್ಟ ಪ್ರಮಾಣಪತ್ರ ಅಲ್ಲ. ಸುರಕ್ಷತೆಗೆ ಕೊಟ್ಟ ಭರವಸೆಯೂ ಪೂರ್ತಿ ಅಲ್ಲ. 2016ರಲ್ಲಿ ಲಾಸ್ ಏಂಜಲೀಸಿನ ಯುವತಿಯೊಬ್ಬಳು ಪಾರ್ಶ್ವವಾಯುವಿನಿಂದ ಸತ್ತಾಗ, ಕೈರೋಪ್ರಾಕ್ಟರ್ ಕತ್ತು ತಿರುವಿದಾಗ ರಕ್ತನಾಳಕ್ಕೆ ಆದ ಗಾಯವೇ ಕಾರಣವೆಂದು ಅಲ್ಲಿನ ಮರಣ ತನಿಖಾಧಿಕಾರಿಯ ಕಚೇರಿ ಹೇಳಿತು.

ಹಾಗಾದರೆ ಲೈಸೆನ್ಸ್ ಕೊಡುವುದಾದರೂ ಏನನ್ನು? ನನಗೆ ಕಾಣುವ ಮಟ್ಟಿಗೆ, ಅದು ಕೊಡುವುದು ಒಂದು ಪಟ್ಟಿ ಮತ್ತು ಆ ಪಟ್ಟಿಯಲ್ಲಿ ಒಂದು ಹೆಸರು. ಬರೆದ ಹೆಸರನ್ನು ಅಳಿಸಬಹುದು. ಅಳಿಸುವ ಅಧಿಕಾರ ಯಾರಿಗಿದೆಯೋ ಅವರ ಬಾಗಿಲಿಗೆ ನೋವು ತಿಂದವನು ಹೋಗಬಹುದು. ಎಲ್ಲೂ ಬರೆಯದ ಹೆಸರನ್ನು ಅಳಿಸುವುದು ಹೇಗೆ?

ಈಗ ನಮ್ಮ ಕಡೆಗೆ ಬರೋಣ. ಭಾರತದಲ್ಲಿ ಕೈರೋಪ್ರಾಕ್ಟರುಗಳಿಗೆಂದು ಪ್ರತ್ಯೇಕ ಕಾಯ್ದೆಯಿಲ್ಲ, ಮಂಡಳಿಯಿಲ್ಲ. 2021ರಲ್ಲಿ ಬಂದ ಸಹವರ್ತಿ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಫಿಸಿಯೋಥೆರಪಿಯವರಿಗೆ ಜಾಗ ಕೊಟ್ಟಿತು. ಬೆಂಗಳೂರಿನಲ್ಲಿ ಬೆನ್ನು ಲಟಲಟ ಎನ್ನಿಸುವ ವಿಡಿಯೋಗಳನ್ನು ನೀವೂ ಮೊಬೈಲಿನಲ್ಲಿ ನೋಡಿರುತ್ತೀರಿ. ಆ ಕೈ ಯಾರದು, ಫಿಸಿಯೋಥೆರಪಿ ಓದಿದವರದೋ, ಪರದೇಶದ ಪದವಿಯದೋ, ನಾಲ್ಕು ದಿನದ ಶಿಬಿರದ್ದೋ, ನೋಡುವವರಿಗೆ ತಿಳಿಯುವುದಿಲ್ಲ. ಎಲುಬು ಕೂಡಿಸುವವರ ಸ್ಥಿತಿ ಇನ್ನೂ ವಿಚಿತ್ರ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದು. ಚಿಕಿತ್ಸೆ ನಡೆಯುವ ಖಾಸಗಿ ಜಾಗ ಜಿಲ್ಲೆಯ ಪ್ರಾಧಿಕಾರದಲ್ಲಿ ನೋಂದಣಿ ಆಗಬೇಕು. ಆಗಬೇಕಾದರೆ ಮಾನ್ಯವಾದ ಪದ್ಧತಿಯ ಮಾನ್ಯವಾದ ಓದು ಬೇಕು. ಅಪ್ಪನ ಕೈ ನೋಡಿ ಕಲಿತವನಿಗೆ ಆ ಓದು ಇಲ್ಲ. ಅಂದರೆ ಅವನು ಅರ್ಜಿ ಹಾಕುವಂತೆಯೇ ಇಲ್ಲ.

ಹಿಂದೆ ಒಂದು ಸಣ್ಣ ಕಿಂಡಿ ಇತ್ತು. 1970ರ ಭಾರತೀಯ ವೈದ್ಯ ಪದ್ಧತಿಗಳ ಕೇಂದ್ರ ಮಂಡಳಿಯ ಕಾಯ್ದೆ, ವೈದ್ಯರ ಪಟ್ಟಿ ಇಲ್ಲದ ರಾಜ್ಯಗಳಲ್ಲಿ ಆಗಲೇ ಐದು ವರ್ಷಕ್ಕೆ ಕಡಿಮೆಯಿಲ್ಲದೆ ದೇಶೀ ವೈದ್ಯ ಮಾಡುತ್ತಿದ್ದವರ ಹಕ್ಕನ್ನು ಉಳಿಸಿತ್ತು. ಆ ಹಕ್ಕು ಆ ಮನುಷ್ಯನದು, ಮನೆತನದ್ದಲ್ಲ. ಅಂದು ವೈದ್ಯ ಮಾಡುತ್ತಿದ್ದವರಲ್ಲಿ ಇಂದು ಉಳಿದವರು ಹಣ್ಣು ಮುದುಕರು. 2018ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಕೇರಳದ ಪಾರಂಪರಿಕ ವೈದ್ಯರ ಮನವಿಯನ್ನು ತಳ್ಳಿಹಾಕಿ, ಮಾನ್ಯ ಓದಿಲ್ಲದವರು ಜನರ ಜೀವದ ಜೊತೆ ಆಟವಾಡುವುದನ್ನು ಬಿಡಲಾಗದು ಎಂಬ ನಿಲುವು ತಳೆಯಿತು. ಕಾನೂನಿನ ಮಟ್ಟಿಗೆ ಮಾತು ಅಲ್ಲಿಗೆ ಮುಗಿಯಿತು. ಕಟ್ಟೆಯ ಮೇಲಿನ ಮಾತು ಮುಗಿದಿಲ್ಲ.

ಕುಕನೂರಿನವರಿಗೆ ಈ ಗಡಿಯ ತಮಾಷೆ ಹೊಸದೂ ಅಲ್ಲ. 1948ರವರೆಗೆ ಇದು ನಿಜಾಮರ ಸೀಮೆ. ಬಸ್ಸಿನಲ್ಲಿ ತಾಸೊಪ್ಪತ್ತಿನ ದಾರಿಯ ಗದಗ ಮುಂಬೈ ಪ್ರಾಂತ್ಯದ್ದು. ಮುಂಬೈ ಸರ್ಕಾರ 1938ರಲ್ಲಿ ದೇಶೀ ವೈದ್ಯರ ಹೆಸರುಗಳನ್ನು ನೋಂದಾಯಿಸಿ, ಉಳಿದವರನ್ನು ತಡೆಯುವ ಕಾಯ್ದೆ ತಂದಿತು. ಆ ಕಾಯ್ದೆ ಗದಗದ ಸೀಮೆ ದಾಟಿ ಈಚೆಗೆ ಬರುತ್ತಿರಲಿಲ್ಲ. ಎಲುಬಿಗೆ ಯಾವ ಸಂಸ್ಥಾನವೂ ಗೊತ್ತಿರಲಿಲ್ಲ.

ಪಟ್ಟಿ ಇಲ್ಲದ ಕಾಲದಲ್ಲಿ ಎಲುಬು ಕೂಡಿಸುವವನನ್ನು ಹಿಡಿದಿಟ್ಟದ್ದು ಏನು ಎಂದು ಕೇಳಿಕೊಂಡರೆ, ಅವನು ಊರು ಬಿಟ್ಟು ಹೋಗುವಂತಿರಲಿಲ್ಲ ಎಂಬುದೇ ನನಗೆ ತೋರುವ ಉತ್ತರ. ಅವನು ಕೆಡಿಸಿದ ಕೈ ಮರುದಿನ ಅದೇ ಬಾವಿಯ ಹತ್ತಿರ, ಅದೇ ಗುಡಿಯ ಮುಂದೆ, ಗುದ್ನೆಪ್ಪನ ಮಠದ ಅದೇ ತೇರಿನ ದಿನ ಅವನ ಕಣ್ಣಿಗೆ ಬೀಳುತ್ತಿತ್ತು. ಅವನ ಮಗಳನ್ನು ಕೊಡಬೇಕಾದದ್ದೂ ಆ ಸುತ್ತಿನ ಊರುಗಳಿಗೇ. ಊರೇ ಪಟ್ಟಿ, ಊರೇ ಮಂಡಳಿ. ಇದನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಆ ಮಂಡಳಿಯಲ್ಲಿ ಮೇಲುಜಾತಿಯವನ ಕೈ ಕೆಟ್ಟರೆ ಗದ್ದಲ, ಕೆಳಗಿನವನ ಕೈ ಕೆಟ್ಟರೆ ಹಣೆಬರಹ. ಆದರೂ ಒಂದು ಬಗೆಯ ಉತ್ತರ ಹೇಳುವ ಬಾಧ್ಯತೆ ಇತ್ತು.

ಅದು ಈಗ ಹೋಗಿದೆ. ಹೆಸರಾದ ಎಲುಬಿನ ವೈದ್ಯರಲ್ಲಿಗೆ ಜನ ನೂರಾರು ಕಿಲೋಮೀಟರಿನಿಂದ ಬರುತ್ತಾರೆ. ಆಂಧ್ರದ ಪುತ್ತೂರಿನ ಕಟ್ಟಿನ ಹೆಸರು ಹೊತ್ತ ಬೋರ್ಡುಗಳು ಬೆಂಗಳೂರಿನ ಬೀದಿಗಳಲ್ಲಿ ಎಷ್ಟಿವೆಯೋ. ಅವುಗಳಲ್ಲಿ ಎಷ್ಟು ಕೈಗಳು ಪುತ್ತೂರನ್ನು ಕಂಡಿವೆಯೋ. ಟ್ರ್ಯಾಕ್ಸ್ ಮಾಡಿಕೊಂಡು ಬಂದ ಮನೆಯವರು ಕಟ್ಟಿಸಿಕೊಂಡು ಅಂದೇ ತಿರುಗಿ ಹೋಗುತ್ತಾರೆ. ಕಟ್ಟಿದವನಿಗೆ ಅವರ ಹೆಸರು ಗೊತ್ತಿಲ್ಲ, ಅವರಿಗೆ ಅವನ ಬೋರ್ಡು ಮಾತ್ರ ಗೊತ್ತು. ಮೂರನೆಯ ದಿನ ಬೆರಳು ಕಪ್ಪಾದರೆ ಅದನ್ನು ನೋಡುವುದು ದೂರದ ಯಾವುದೋ ಸರ್ಕಾರಿ ಆಸ್ಪತ್ರೆಯ ಡಾಕ್ಟರು. ಊರಿನ ಲೈಸೆನ್ಸು ಪರವೂರಿನವರಿಗೆ ನಡೆಯುವುದಿಲ್ಲ, ಆದರೆ ಬರುವವರೆಲ್ಲ ಪರವೂರಿನವರೇ.

ಬೆರಳು ಕಪ್ಪಾಗುವುದು ಮಾತಿಗೆ ಹೇಳಿದ್ದಲ್ಲ. ಮುರಿದ ಜಾಗ ಮೊದಲ ಒಂದೆರಡು ದಿನ ಊದುತ್ತದೆ. ಸುತ್ತ ದಬ್ಬೆ, ತತ್ತಿಯ ಬಿಳಿ ಬಳಿದ ಬಟ್ಟೆ, ಅದರ ಮೇಲೆ ಬಿಗಿಯಾಗಿ ದಾರ ಇದ್ದರೆ ಊತಕ್ಕೆ ಹೊರಗೆ ಜಾಗವಿಲ್ಲ, ಅದು ಒಳಗೇ ರಕ್ತನಾಳಗಳನ್ನು ಅಮುಕುತ್ತದೆ. ನೋವು ಹೆಚ್ಚುತ್ತದೆ, ಆಮೇಲೆ ಜೋಮು ಹಿಡಿಯುತ್ತದೆ. ರಕ್ತ ಹರಿಯದ ಸ್ನಾಯು ಕೆಲವೇ ತಾಸುಗಳಲ್ಲಿ ಸಾಯುತ್ತದೆ. ಸತ್ತ ಮೇಲೆ ಉಳಿಯುವುದು ಒಂದೋ ಮುದುಡಿದ ಕೈ, ಇಲ್ಲವೇ ಕತ್ತರಿಸಿದ ಕೈ. ಇದು ಪ್ಲಾಸ್ಟರಿನಲ್ಲೂ ಆಗಬಹುದು. ಅದಕ್ಕೇ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿದವರು ಬೆರಳು ಅಲ್ಲಾಡಿಸು ಎನ್ನುತ್ತಾರೆ, ನೋವು ಹೆಚ್ಚಾದರೆ ರಾತ್ರಿಯಾದರೂ ಬಾ ಎನ್ನುತ್ತಾರೆ. ಕಟ್ಟಿಸಿಕೊಂಡು ಬಂದ ಮನೆಯಲ್ಲಿ ಅಜ್ಜಿ ಹೇಳುವುದು ಬೇರೆ: "ಎಲಬ ಕೂಡಾಕತ್ತೈತಿ, ನೋವು ಇರಾದs. ತಡಕೊ."

ಇನ್ನು ದುಡ್ಡಿನ ಮಾತು. ನಮ್ಮ ಕಡೆಯ ಹಳೆಯ ಎಲುಬಿನ ಮನೆತನಗಳಲ್ಲಿ ದುಡ್ಡು ಮುಟ್ಟಬಾರದು, ಮುಟ್ಟಿದರೆ ಕೈಗುಣ ಹೋಗುತ್ತದೆ ಎಂಬ ಕಟ್ಟಳೆ ಇರುವುದುಂಟು. ತೆಂಗಿನಕಾಯಿ, ಊದಿನಕಡ್ಡಿ, ಮನಸ್ಸಿದ್ದರೆ ತಟ್ಟೆಯಲ್ಲಿ ನಾಲ್ಕು ಕಾಸು. ಇದಕ್ಕೆ ನಾನು ತಲೆಬಾಗುತ್ತೇನೆ. ಆಸ್ಪತ್ರೆಯ ಬಿಲ್ಲು ಕಟ್ಟಲು ಎತ್ತು ಮಾರಿದವರ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಆದರೆ ಪುಕ್ಕಟೆ ಎಂಬುದರ ಇನ್ನೊಂದು ಮುಖವನ್ನೂ ನೋಡಬೇಕು. 1995ರಲ್ಲಿ ಸುಪ್ರೀಂ ಕೋರ್ಟು ವೈದ್ಯ ಸೇವೆಯೂ ಗ್ರಾಹಕ ಕಾಯ್ದೆಯ ಒಳಗೆ ಬರುತ್ತದೆ ಎಂದು ತೀರ್ಪು ಕೊಟ್ಟಿತು, ಎಲ್ಲರಿಗೂ ಪುಕ್ಕಟೆ ಕೊಡುವ ಸೇವೆಯನ್ನು ಮಾತ್ರ ಹೊರಗಿಟ್ಟಿತು. ಕೊಂಡದ್ದಕ್ಕೆ ಕೇಳಬಹುದು, ದಾನವಾಗಿ ಪಡೆದದ್ದಕ್ಕೆ ಕೇಳುವಂತಿಲ್ಲ. ಸಂಪ್ರದಾಯವೂ ಇದನ್ನೇ ಹೇಳುತ್ತದೆ, ಇನ್ನೂ ಬಿರುಸಾಗಿ. ದುಡ್ಡು ತೆಗೆದುಕೊಳ್ಳದೆ ಮಾಡಿದವನನ್ನು ಅಂದರೆ ಪಾಪ ಬರುತ್ತದೆ. ಸಿವಿಲ್ ದಾವೆ, ಪೊಲೀಸ್ ಠಾಣೆ ಉಳಿದೇ ಇವೆ ನಿಜ, ಆದರೆ ಮಗನ ಕೈ ಕಳಕೊಂಡ ಅಪ್ಪ ತೆಂಗಿನಕಾಯಿ ಕೊಟ್ಟು ನಮಸ್ಕಾರ ಮಾಡಿ ಬಂದವನ ಮೇಲೆ ಠಾಣೆ ಮೆಟ್ಟಿಲು ಹತ್ತುವುದನ್ನು ನಾನು ಊಹಿಸಲಾರೆ.

ಸರ್ಕಾರಿ ಆಸ್ಪತ್ರೆಯಲ್ಲೂ ಪುಕ್ಕಟೆಯೇ ಅಲ್ಲವೇ, ಅಲ್ಲಿ ಏನು ಬೇರೆ ಎಂದು ನೀವು ಕೇಳಬಹುದು. ಅಲ್ಲಿಯ ಡಾಕ್ಟರ ಹೆಸರು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿದೆ. ತಪ್ಪು ಮಾಡಿದರೆ ಆ ಹೆಸರಿನ ಮೇಲೆ ದೂರು ಕೊಡಬಹುದು, ಅದು ಪಟ್ಟಿಯಿಂದ ಹೋಗಬಹುದು. ಎಷ್ಟು ಸಲ ಹೋಗುತ್ತದೆ ಎಂಬುದು ಬೇರೆ ಪ್ರಶ್ನೆ. ಲೈಸೆನ್ಸ್ ಇರುವವರಿಗೂ ಮೇಲೆ ಕೇಳುವವರು ಇರುವುದು ಇಷ್ಟವಿಲ್ಲ. ಇದೇ 2007ರ ಕಾಯ್ದೆಗೆ ಹಲ್ಲು ಕೂಡಿಸಲು 2017ರಲ್ಲಿ ತಿದ್ದುಪಡಿ ತಂದಾಗ ರಾಜ್ಯದ ಖಾಸಗಿ ಡಾಕ್ಟರುಗಳು ನವೆಂಬರಿನಲ್ಲಿ ಹೊರರೋಗಿ ವಿಭಾಗ ಮುಚ್ಚಿ ಮುಷ್ಕರ ಕೂತರು. ಕಾಯ್ದೆ ಸೌಮ್ಯವಾಗಿ ಹೊರಬಂತು.

ಪಟ್ಟಿ ಕೆಟ್ಟದ್ದಕ್ಕೂ ಬಳಕೆಯಾಗುತ್ತದೆ. ಇಂಗ್ಲೆಂಡಿನ ಒಂದು ಘಟನೆ ನನ್ನನ್ನು ಬಹಳ ಕಾಡಿದೆ. ಹರ್ಬರ್ಟ್ ಬಾರ್ಕರ್ ಎಂಬ ಎಲುಬು ಕೂಡಿಸುವವನಿದ್ದ, ಲೈಸೆನ್ಸ್ ಇಲ್ಲದವನು, ಹೆಸರಾದವನು. ಅವನ ರೋಗಿಗಳಿಗೆ ನೋವಾಗದಿರಲೆಂದು ಅರಿವಳಿಕೆ ಕೊಡುತ್ತಿದ್ದವರು ಫ್ರೆಡರಿಕ್ ಆಕ್ಸಂ ಎಂಬ ಓದಿದ ಡಾಕ್ಟರು. ಲೈಸೆನ್ಸ್ ಇಲ್ಲದವನಿಗೆ ನೆರವಾದರೆಂದು 1911ರಲ್ಲಿ ವೈದ್ಯ ಪರಿಷತ್ತು ಆಕ್ಸಂ ಹೆಸರನ್ನು ಅಳಿಸಿತು. 1922ರಲ್ಲಿ ಬಾರ್ಕರ್‌ಗೆ ಸರ್ ಪದವಿ ಸಿಕ್ಕಿತು. ಆಕ್ಸಂ ಹೆಸರು ಪಟ್ಟಿಗೆ ಮರಳಲೇ ಇಲ್ಲ. 1926ರಲ್ಲಿ ಮುದುಕರಾಗಿ ತೀರಿಕೊಂಡರು. ನೋವು ಕಡಿಮೆ ಮಾಡಿದ ಕೈಯೇ ದಂಡ ತೆತ್ತಿತು.

ಅದೇ ದೇಶದಲ್ಲಿ ಅದಕ್ಕಿಂತ ಮುಂಚಿನ ಇನ್ನೊಂದು ಕಥೆ ಬೇರೆ ಕಡೆಗೆ ಸಾಗುತ್ತದೆ. ವೇಲ್ಸಿನ ಆಂಗ್ಲಸಿ ದ್ವೀಪದ ಎಲುಬು ಕೂಡಿಸುವ ಮನೆತನದ ಈವನ್ ಥಾಮಸ್ ಲಿವರ್‌ಪೂಲಿಗೆ ಬಂದು ನೆಲೆಸಿದ. ಲೈಸೆನ್ಸ್ ಇಲ್ಲದ್ದಕ್ಕೆ ಡಾಕ್ಟರುಗಳ ಕಾಟ, ಕೋರ್ಟು ಕಚೇರಿ ಅವನಿಗೆ ತಪ್ಪಲಿಲ್ಲ. ಅವನು ಗಂಡುಮಕ್ಕಳನ್ನು ವೈದ್ಯಕೀಯ ಓದಲು ಕಳಿಸಿದ. ಅವರಲ್ಲಿ ಹಿರಿಯನಾದ ಹ್ಯೂ ಓವನ್ ಥಾಮಸ್ (1834–1891) ಮನೆತನದ ಕೈಯನ್ನೂ ಕಾಲೇಜಿನ ಪುಸ್ತಕವನ್ನೂ ಕೂಡಿಸಿದ. ಅವನು ಮಾಡಿದ ಕಬ್ಬಿಣದ ಚೌಕಟ್ಟನ್ನು ಮೊದಲ ಮಹಾಯುದ್ಧದಲ್ಲಿ ತೊಡೆಯ ಎಲುಬು ಮುರಿದವರಿಗೆ ಸೋದರಳಿಯ ರಾಬರ್ಟ್ ಜೋನ್ಸ್ ಬಳಕೆಗೆ ತಂದಾಗ ಸೈನಿಕರ ಸಾವು ಬಹಳ ಇಳಿಯಿತು. ಇವತ್ತಿಗೂ ಎಲುಬಿನ ವಾರ್ಡುಗಳಲ್ಲಿ ಥಾಮಸ್ ಸ್ಪ್ಲಿಂಟ್ ಎಂದರೆ ನರ್ಸಮ್ಮಂದಿರಿಗೆ ಗೊತ್ತು. ಲೈಸೆನ್ಸ್ ಸಿಗದ ಮನೆಯಿಂದ ಬಂದ ವಸ್ತು ಅದು. ಈವನ್ ಥಾಮಸನಿಗೆ ಇದ್ದದ್ದು ಮಕ್ಕಳನ್ನು ಓದಿಸುವ ಹಣ ಮತ್ತು ಒಂದು ತೆರೆದ ಬಾಗಿಲು. ಕೊಪ್ಪಳದಲ್ಲೂ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ಆಯುರ್ವೇದ ಕಾಲೇಜೂ ಇದೆ. ಆದರೆ ಆ ಬಾಗಿಲು ನೀಟ್ ಪರೀಕ್ಷೆಯದು. ಬೆರಳ ತುದಿಯಿಂದ ಎಲುಬಿನ ಅಂಚು ತಿಳಿಯುವ ಹುಡುಗನಿಗೆ ಅಲ್ಲಿ ಆ ಬೆರಳಿಗೆ ಅಂಕವಿಲ್ಲ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪ ಬರುತ್ತದೆ. ಎಲುಬು ಕೂಡಿಸುವವರ ಹೆಸರು ಬರೆದುಕೊಂಡರೆ ಅವರ ಕೆಲಸಕ್ಕೆ ಸರ್ಕಾರದ ಮುದ್ರೆ ಒತ್ತಿದಂತಾಗುತ್ತದೆ. ಇವತ್ತು ಅಂಜುತ್ತ ಕಟ್ಟುವವನು ನಾಳೆ ಪ್ರಮಾಣಪತ್ರ ತೂಗುಹಾಕಿ ಬೆನ್ನೆಲುಬಿಗೂ ಕೈ ಹಾಕುತ್ತಾನೆ. ಅಮೆರಿಕದಲ್ಲಿ ಆದದ್ದೂ ಇದೇ ಅಲ್ಲವೇ? ಲೈಸೆನ್ಸ್ ಬಂತು, ಸಿದ್ಧಾಂತ ಹಾಗೇ ಉಳಿಯಿತು, ವ್ಯಾಪಾರ ಬೆಳೆಯಿತು. ಇನ್ನೂ ಮುಂದೆ ಹೋಗಿ, ಬಡವರಿಗೆ ಎಲುಬಿನವನು, ಉಳ್ಳವರಿಗೆ ಡಾಕ್ಟರು ಎಂಬ ಎರಡು ಪಂಕ್ತಿಯನ್ನು ಸರ್ಕಾರವೇ ಹಾಕಿದಂತಾಗುತ್ತದೆ. ಆಸ್ಪತ್ರೆ ಕಟ್ಟುವ ಖರ್ಚು ಉಳಿಯಿತೆಂದು ಸರ್ಕಾರ ಒಳಗೊಳಗೇ ಖುಷಿಪಡಲೂಬಹುದು.

ಈ ಆಕ್ಷೇಪವನ್ನು ನಾನು ತಳ್ಳಿಹಾಕಲಾರೆ. ಆದರೆ ಅದು ಪಂಕ್ತಿ ಈಗ ಇಲ್ಲವೆಂದು ನಂಬಿಕೊಂಡು ಮಾತಾಡುತ್ತದೆ. ಎರಡು ಪಂಕ್ತಿ ಈಗಲೇ ಇವೆ, ಎರಡನೆಯದಕ್ಕೆ ಬಡಿಸುವವರ ಮೇಲೆ ಕಣ್ಣಿಲ್ಲ, ಅಷ್ಟೇ. ಕಾಯ್ದೆ ಎಲುಬಿನವರನ್ನು ನಿಷೇಧಿಸಿದೆ, ಆಡಳಿತ ಅವರನ್ನು ಕಂಡೂ ಕಾಣದಂತಿದೆ, ಆಗೊಮ್ಮೆ ಈಗೊಮ್ಮೆ ನಕಲಿ ವೈದ್ಯರ ಮೇಲೆ ದಾಳಿ ಎಂದು ಪತ್ರಿಕೆಯಲ್ಲಿ ಸುದ್ದಿ ಬರುತ್ತದೆ, ವಾರದಲ್ಲಿ ಬಾಗಿಲು ಮತ್ತೆ ತೆರೆಯುತ್ತದೆ. ಬಾಗಿಲು ಕೊಡದೆ ಒಳಗೆ ಬರಲಿಲ್ಲವೆಂದು ಶಿಕ್ಷಿಸುವುದು ನ್ಯಾಯವಲ್ಲ. ಅದಕ್ಕಿಂತ ದೊಡ್ಡ ಅನ್ಯಾಯ ಕೈ ಕಳಕೊಂಡವನಿಗೆ ಆಗುವುದು, ಯಾಕೆಂದರೆ ಕಾಯ್ದೆಯ ಕಣ್ಣಿನಲ್ಲಿ ಇಲ್ಲದವನ ಮೇಲೆ ಅವನು ದೂರು ಕೊಡಬೇಕಾಗಿದೆ.

ನಡುವಿನ ದಾರಿಯ ಒಂದು ಪ್ರಯತ್ನ ಕರ್ನಾಟಕದಲ್ಲೇ ನಡೆದಿದೆ. ದರ್ಶನ್ ಶಂಕರ್ ಬೆಂಗಳೂರಿನಲ್ಲಿ ಕಟ್ಟಿದ, ಸ್ಥಳೀಯ ಆರೋಗ್ಯ ಪರಂಪರೆಗಳಿಗಾಗಿ ದುಡಿಯುವ ಪ್ರತಿಷ್ಠಾನವು ಭಾರತೀಯ ಗುಣಮಟ್ಟ ಪರಿಷತ್ತಿನ ಜೊತೆಗೂಡಿ ಜನಪದ ವೈದ್ಯರಿಗೆ ಸ್ವಇಚ್ಛೆಯ ಪ್ರಮಾಣಪತ್ರದ ಯೋಜನೆ ರೂಪಿಸಿ, ಎಲುಬು ಕೂಡಿಸುವುದನ್ನೂ ಅದರಲ್ಲಿ ಸೇರಿಸಿತು. ಎಲುಬಿನವನ ಕೈಯ ಕೆಲಸವನ್ನೇ ನೋಡಿ, ಬಾಯಲ್ಲೇ ಕೇಳಿ ಪರೀಕ್ಷೆ ಮಾಡುವುದು ಅದರ ಬಗೆ. ಇದು ವೃತ್ತಿ ನಡೆಸುವ ಕಾನೂನು ಹಕ್ಕನ್ನು ಕೊಡುವುದಿಲ್ಲ. ನನ್ನ ಲೆಕ್ಕದಲ್ಲಿ ಅದರ ಕೊರತೆ ಅದೊಂದೇ ಅಲ್ಲ. ಇಷ್ಟಪಟ್ಟು ಪಡೆದ ಪ್ರಮಾಣಪತ್ರ ಕಳೆದುಕೊಂಡರೂ ಕಟ್ಟುವ ಕೈ ನಿಲ್ಲುವುದಿಲ್ಲ. ಅಳಿಸಿದರೆ ನೋವಾಗುವಂಥ ಹೆಸರು ಅದಲ್ಲ.

ಎಲುಬಿನವರಿಗೆ ಲೈಸೆನ್ಸ್ ಕೊಡುವ ದಿನ ಬಂದರೆ, ಅದರಲ್ಲಿ ಏನು ಮಾಡಬಹುದು ಎಂಬುದಕ್ಕಿಂತ ಮೊದಲು ಏನು ಮುಟ್ಟಬಾರದು ಎಂದು ಬರೆದಿರಬೇಕು ಎನ್ನುವುದು ನನ್ನ ಆಸೆ. ಚರ್ಮ ಹರಿದು ಎಲುಬು ಹೊರಗೆ ಕಂಡರೆ ಮುಟ್ಟಬಾರದು. ಬೆನ್ನು, ಕತ್ತು, ತೊಡೆ ಮುಟ್ಟಬಾರದು. ಮಕ್ಕಳ ಮೊಣಕೈಯ ಮೇಲಿನ ಮುರಿತ ಮುಟ್ಟಬಾರದು, ರಕ್ತನಾಳಕ್ಕೆ ಪೆಟ್ಟು ಬೀಳುವ ಜಾಗ ಅದು. ಬೆರಳಿಗೆ ಜೋಮು ಹಿಡಿದಿದ್ದರೆ ಕಟ್ಟಬಾರದು, ಕಟ್ಟಿದ ಮೇಲೆ ಹಿಡಿದರೆ ಕೂಡಲೇ ಬಿಚ್ಚಿ ಆಸ್ಪತ್ರೆಗೆ ಕಳಿಸಬೇಕು. ನಾನು ಕಂಡ ಹಿರಿಯ ಎಲುಬಿನವರಲ್ಲಿ ಒಳ್ಳೆಯ ಹೆಸರಿದ್ದವರು "ಇದು ನನ್ನ ಕೈಲೆ ಆಗೂದಲ್ರಿ, ದೊಡ್ಡ ದವಾಖಾನಿಗೆ ಹೋಗ್ರಿ" ಎನ್ನಲು ನಾಚುತ್ತಿರಲಿಲ್ಲ. ಅದನ್ನೂ ಊರು ಕೈಗುಣ ಎಂದೇ ಕರೆಯುತ್ತಿತ್ತು.

ಕಟ್ಟು ಮುಗಿದ ಮೇಲೆ ಹುಡುಗನ ಬೆರಳಿನ ಉಗುರನ್ನು ಒತ್ತಿ ಬಿಡಬೇಕು. ಬೆಳ್ಳಗಾದ ಉಗುರು ಎರಡು ಸೆಕೆಂಡಿನ ಒಳಗೆ ಮತ್ತೆ ಕೆಂಪಗಾದರೆ ರಕ್ತ ಹರಿಯುತ್ತಿದೆ ಎಂದು ಸಾಮಾನ್ಯವಾಗಿ ತಿಳಿಯಬಹುದು. ತಡವಾದರೆ ಕಟ್ಟು ಸಡಿಲಿಸಬೇಕು. ಬೆರಳು ಅಲ್ಲಾಡಿಸಿ ನೋಡುವುದೂ, ನೋವು ಏರುತ್ತಿದೆಯೇ ಎಂದು ಕೇಳುವುದೂ ಇದರ ಜೊತೆಗೇ ಬರಬೇಕು. ಎಲುಬಿನವನಿಗೆ ಇಷ್ಟನ್ನು ಕಲಿಸಲು ತಾಲ್ಲೂಕು ಆಸ್ಪತ್ರೆಯ ಡಾಕ್ಟರಿಗೆ ಅರ್ಧ ತಾಸು ಸಾಕು. ಆದರೆ ಇವತ್ತಿನ ಸ್ಥಿತಿಯಲ್ಲಿ ಆ ಡಾಕ್ಟರು ಎಲುಬಿನವನನ್ನು ಕೂರಿಸಿಕೊಂಡು ಕಲಿಸಿದರೆ ನಕಲಿ ವೈದ್ಯನಿಗೆ ನೆರವಾದರು ಎಂಬ ಮಾತು ಬರುತ್ತದೆ. ಆಕ್ಸಂ ಕಥೆ ಕೇಳದವರಿಗೂ ಆ ಅಂಜಿಕೆ ಇದೆ. ಹೀಗಾಗಿ ಉಗುರು ಒತ್ತಿ ನೋಡುವುದು ಗೊತ್ತಿರುವವರು ಆಸ್ಪತ್ರೆಯಲ್ಲಿ ಕೂತಿದ್ದಾರೆ, ಹುಡುಗ ದಬ್ಬೆ ಕಟ್ಟಿಸಿಕೊಂಡು ಹಳ್ಳಿಯ ಕಟ್ಟೆಯ ಮೇಲೆ ಕೂತಿದ್ದಾನೆ.